ಬಯಲುಸೀಮೆಯ ಹುಳುಗಳ ಲೆಕ್ಕ ಬರೆದವರು

ಮಧುಗಿರಿ-ಪಾವಗಡ ರಸ್ತೆಯಲ್ಲಿ ಮಿಡಿಗೇಶಿಯ ಸುತ್ತ ಕಾಣುವುದು ಕೋಟೆ ಹೊತ್ತ ಬೆಟ್ಟ, ಮಳೆಯನ್ನೇ ನಂಬಿದ ಕಡಲೆಕಾಯಿ ಹೊಲ, ಕಾರೆ, ಜಾಲಿ, ತಂಗಡಿಯ ಕುರುಚಲು. ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆ ಬಿದ್ದರೆ ರೈತರ ಮುಖದಲ್ಲಿ ಕಳೆ ಬರುತ್ತದೆ. ಜೀವವೈವಿಧ್ಯ ಎಂದಕೂಡಲೇ ನಾವು ಮಲೆನಾಡಿನ ಕಡೆ ತಿರುಗುವುದರಿಂದ ಈ ಕಲ್ಲುಗುಡ್ಡಗಳ ಕೀಟ, ಜೇಡಗಳ ಬಗ್ಗೆ ಬರೆದಿಟ್ಟದ್ದು ಬಹಳ ಕಡಿಮೆ. ಯಾರು ಬರೆದರು, ಯಾಕೆ ಬರೆದರು ಎಂದು ಹುಡುಕಿಕೊಂಡು ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಬೆಳೆ ತಿಂದ ಹುಳುವಿಗೆ, ಇಲ್ಲವೇ ಕಾಸು ತಂದ ಹುಳುವಿಗೆ ಮಾತ್ರ ಕಾಗದದ ಮೇಲೆ ಜಾಗ ಸಿಕ್ಕಿತು.

ಬಾಯಿಮಾತಿನ ಲೆಕ್ಕ ಮೊದಲಿನಿಂದಲೂ ಇತ್ತು. ಹೆಜ್ಜೇನು, ತುಡುವೆ, ಕೋಲುಜೇನುಗಳನ್ನು ಬೇರೆಬೇರೆಯಾಗಿ ಗುರುತಿಸದ ಊರಿಲ್ಲ. ಮೊದಲ ಹದಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆಯ ಗೆದ್ದಲು ಏಳುವುದು, ಅದೇ ದಿನಗಳಲ್ಲಿ ಮಖಮಲ್ಲಿನಂಥ ಕೆಂಪು ಹುಳು ಹೊಲದ ಮೇಲೆ ಹರಿದಾಡುವುದು, ಬಿತ್ತನೆಯಾದ ಮೇಲೆ ಕಂಬಳಿ ಹುಳು ಬರುವುದು, ಇವೆಲ್ಲ ಮಳೆ ನಕ್ಷತ್ರಗಳ ಜೊತೆಗೇ ನೆನಪಿನಲ್ಲಿರುತ್ತಿದ್ದವು. ಮಳೆಗೆ ಮಣ್ಣಿನಿಂದೆದ್ದ ಕಂಬಳಿ ಹುಳುವಿನ ಪತಂಗಗಳನ್ನು ರಾತ್ರಿ ಹೊಲದ ಬದುವಿನಲ್ಲಿ ಬೆಂಕಿ ಹಾಕಿ ಸೆಳೆಯುತ್ತಿದ್ದರು. ಆ ರೈತರಿಗೆ ಕೀಟದ ಜೀವನಚಕ್ರ ಗೊತ್ತಿತ್ತು. ಆದರೆ ಯಾವ ಊರಿನಲ್ಲಿ, ಯಾವ ವರ್ಷ, ಎಷ್ಟು ಎಂಬುದು ಮಾತ್ರ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಲಿಲ್ಲ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಸಿರಾ ಸೀಮೆಯನ್ನು ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಸಂಪುಟಗಳಲ್ಲಿ ಅರಗು, ರೇಷ್ಮೆಗಳ ವಿವರವಿದೆ. ಕಂಪನಿ ಸರ್ಕಾರಕ್ಕೆ ಬೇಕಾಗಿದ್ದದ್ದು ಹುಟ್ಟುವಳಿಯ ಲೆಕ್ಕ. ಅರಗಿನ ಹುಳುವನ್ನು ಹುಳುವಾಗಿಯೇ ನೋಡುವವರು ಬರಲು ಇನ್ನೂ ನೂರಿಪ್ಪತ್ತು ವರ್ಷ ಬೇಕಾಯಿತು. ಜಾಲಾರಿ ಮರದ ಮೇಲೆ ಬೆಳೆಯುವ ಮೈಸೂರಿನ ಅರಗಿನ ಕೀಟವನ್ನು ಎಸ್. ಮಹದಿಹಸನ್ ಅಭ್ಯಾಸ ಮಾಡಿ, ಅದರ ವೈಜ್ಞಾನಿಕ ಹೆಸರಿನಲ್ಲೇ ಮೈಸೂರನ್ನು ಸೇರಿಸಿದರು.

ಮಧುಗಿರಿ, ಕೊರಟಗೆರೆಗಳ ಪೂರ್ವಕ್ಕೆ, ಗೌರಿಬಿದನೂರು ದಾಟಿದರೆ ಚಿಕ್ಕಬಳ್ಳಾಪುರ. ಲಂಡನ್ ಮಿಷನ್ನಿನ ವೈದ್ಯ ಟಿ.ವಿ. ಕ್ಯಾಂಬೆಲ್ ಕಡಪ ಸೀಮೆಯ ಜಮ್ಮಲಮಡುಗಿನಿಂದ ಅಲ್ಲಿಗೆ ಬಂದು ನೆಲೆಸಿದರು. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಕೀಟ ಹಿಡಿದು ಲಂಡನ್ನಿಗೆ ಕಳಿಸುತ್ತಿದ್ದರು. ತಿಗಣೆ, ಜಿಗಿಹುಳುಗಳ ಬಳಗದ ತಜ್ಞ ಡಬ್ಲ್ಯು.ಎಲ್. ಡಿಸ್ಟೆಂಟ್ ಅವುಗಳಲ್ಲಿ ಅನೇಕ ಹೊಸ ಪ್ರಭೇದಗಳನ್ನು ಹೆಸರಿಸಿದ್ದರಿಂದ ಚಿಕ್ಕಬಳ್ಳಾಪುರ, ನಂದಿಬೆಟ್ಟಗಳ ಹೆಸರು ಲೋಕದ ಕೀಟಶಾಸ್ತ್ರದಲ್ಲಿ ಕಾಯಂ ಆಯಿತು. ಅದೇ ಬಂಡೆ, ಅದೇ ಕುರುಚಲು ಇರುವ ಮಿಡಿಗೇಶಿಯ ಹೆಸರು ಹಾಗೆ ಸೇರಲಿಲ್ಲ. ಹಳೆಯ ಕೀಟ ಭೂಪಟಗಳಲ್ಲಿ ನಾವು ನೋಡುವುದು ಎಷ್ಟೋ ಸಲ ಕೀಟಗಳ ಹರವನ್ನಲ್ಲ, ಬಲೆ ಹಿಡಿದವರು ವಾಸವಿದ್ದ ಊರುಗಳನ್ನು. ಖಾಲಿ ಬಿಟ್ಟ ಜಾಗವನ್ನು ಬಡ ಜಾಗವೆಂದು ಓದುವ ಅಭ್ಯಾಸ ಇಂದಿಗೂ ಹೋಗಿಲ್ಲ.

ಮೈಸೂರು ಸಂಸ್ಥಾನದಲ್ಲಿ ವ್ಯವಸ್ಥಿತ ಕೆಲಸ ಶುರುವಾದದ್ದು 1908ರಲ್ಲಿ ಕೆನಡಾದ ಲೆಸ್ಲಿ ಕೋಲ್‌ಮನ್ ಬಂದ ಮೇಲೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದವರೆಂದು ಮಲೆನಾಡು ಅವರನ್ನು ನೆನೆಯುತ್ತದೆ. ಬಯಲುಸೀಮೆಯೂ ಅವರನ್ನು ನೆನೆಯಬೇಕಾದ ಕಾರಣವಿದೆ. ಜೋಳದ ಹೊಲಗಳನ್ನು ಬೋಳು ಮಾಡುತ್ತಿದ್ದ, ಹಾರಲಾರದ ಒಂದು ಮಿಡತೆಯ ಬೆನ್ನು ಹತ್ತಿ ಅದರ ಮೊಟ್ಟೆ, ಮರಿ, ಬೆಳವಣಿಗೆಯನ್ನೆಲ್ಲ ಅವರು ಬರೆದರು. ದಖ್ಖನ್ನಿನ ಒಣಭೂಮಿಯ ಈ ಮಿಡತೆಗೆ ಸ್ಪೇನಿನ ತಜ್ಞ ಬೊಲಿವಾರ್ 1910ರಲ್ಲಿ ಕೋಲ್‌ಮೇನಿಯಾ ಎಂಬ ಕುಲನಾಮ ಕೊಟ್ಟ. ಒಣಭೂಮಿಯ ಕೀಟವೊಂದರ ಬದುಕನ್ನು ಋತುವಿನಿಂದ ಋತುವಿಗೆ ಹಿಂಬಾಲಿಸಿದ ಆ ಕ್ರಮವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಕೋಲ್‌ಮನ್ನರ ಕೈಕೆಳಗೆ ಪಳಗಿದ ಕೆ. ಕುಂಞಿಕಣ್ಣನ್ ಮೈಸೂರಿನ ಕೀಟಶಾಸ್ತ್ರಜ್ಞರಾದರು. ಹೊಲ, ಗೋಮಾಳಗಳನ್ನೆಲ್ಲ ನುಂಗಿದ್ದ ಪಾಪಾಸುಕಳ್ಳಿಯನ್ನು ಕೀಟದಿಂದಲೇ ಅಡಗಿಸಿದ ಬಗೆಯನ್ನು ಬರೆದಿಟ್ಟವರು ಅವರು. ಆ ಕತೆಯಲ್ಲಿ ಗುರುತಿಸುವಿಕೆಯ ಪಾಠವೂ ಇದೆ. 1795ರಲ್ಲಿ ಬಣ್ಣಕ್ಕೆಂದು ಕೊಚಿನೀಲ್ ಕೀಟವನ್ನು ಬ್ರೆಜಿಲಿನಿಂದ ಬಂಗಾಳಕ್ಕೆ ತಂದರು. ಬಂದದ್ದು ಬಣ್ಣ ಕೊಡುವ ಜಾತಿಯಲ್ಲ, ಅದರ ದಾಯಾದಿ. ಅದು ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು, ದಕ್ಷಿಣದ ಕಳ್ಳಿಯನ್ನು ಮುಟ್ಟಲಿಲ್ಲ. ಇಲ್ಲಿಯ ಕಳ್ಳಿಗೆ ತಕ್ಕ ಕೀಟ ಸಿಲೋನಿನಿಂದ ಬಂದದ್ದು 1926ರಲ್ಲಿ. ಬರಿಗಣ್ಣಿಗೆ ಒಂದೇ ಥರದ ಬಿಳಿ ಹಿಟ್ಟಾಗಿ ಕಾಣುವ ಎರಡು ಹುಳುಗಳ ನಡುವಿನ ವ್ಯತ್ಯಾಸಕ್ಕೆ ಅಷ್ಟು ಬೆಲೆ ಇತ್ತು.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಸಂಗ್ರಹಗಳು ಬೆಳೆದವು. ಸಿ.ಎ. ವಿರಕ್ತಮಠರಂಥವರು ಜಿಗಿಹುಳುಗಳ ಮೇಲೆ ಲೋಕವೇ ಆಧಾರವಾಗಿಟ್ಟುಕೊಳ್ಳುವ ಕೆಲಸ ಮಾಡಿದರು. ಆದರೂ ಪ್ರಶ್ನೆ ಬಹುಪಾಲು ಬೆಳೆಯದ್ದೇ ಆಗಿತ್ತು.

ಜೇಡಗಳ ಪಾಲಿಗೆ ಅದೂ ಇರಲಿಲ್ಲ. ಬೆಳೆ ತಿನ್ನದ, ಜೇನು ಕೊಡದ ಜೀವಿಯನ್ನು ಯಾವ ಇಲಾಖೆ ಲೆಕ್ಕಕ್ಕೆ ಹಿಡಿದೀತು? ಆರ್.ಐ. ಪೊಕಾಕ್‌ನ ಸಂಪುಟ ಬಂದದ್ದು 1900ರಲ್ಲಿ. ಬಿ.ಕೆ. ಟಿಕಾದರ್ ಭಾರತದ ಜೇಡಗಳ ಕೈಪಿಡಿ ಹೊರತಂದದ್ದು 1987ರಲ್ಲಿ. ಪೊಕಾಕ್ 1899ರಲ್ಲಿ ಹೆಸರಿಸಿದ ಒಂದು ಜೇಡದ ಕತೆಯನ್ನು ಪಾವಗಡದವರು ತಿಳಿದಿರಬೇಕು, ಏಕೆಂದರೆ ಅದು ಸಿಕ್ಕಿದ್ದು ಪಾವಗಡವನ್ನು ಸುತ್ತುವರಿದ ಹಳೆಯ ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ. ಹೊಳೆಯುವ ನೀಲಿ ಬಣ್ಣದ, ಮರದ ಪೊಟರೆಯಲ್ಲಿ ಬದುಕುವ ದೊಡ್ಡ ಜೇಡ. ಅದಾದ ಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಮತ್ತೆ ಕಂಡದ್ದು ಗುತ್ತಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ನಂದ್ಯಾಲ-ಗಿದ್ದಲೂರು ನಡುವಿನ ಕಾಡಿನಲ್ಲಿ. ಮೊದಲ ಜೇಡ ಸೌದೆ ದಿಮ್ಮಿಯ ಜೊತೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕೆಂಬುದು ಈಗಿನ ಅಭಿಪ್ರಾಯ. ಎಲ್ಲಿ ಸಿಕ್ಕಿತು ಎಂದು ಬರೆದಿದ್ದರು, ಹೇಗೆ ಸಿಕ್ಕಿತು ಎಂದು ಬರೆದಿರಲಿಲ್ಲ. ಆ ಒಂದು ಸಾಲಿನ ಕೊರತೆಯಿಂದ ಜೇಡದ ನಿಜವಾದ ನೆಲೆ ಯಾವುದೆಂದು ತಿಳಿಯದೇ ಹೋಯಿತು. ಅಳಿವಿನಂಚಿನ ಪಟ್ಟಿಗೆ ಅದು ಸೇರುವಷ್ಟರಲ್ಲಿ ಕಾಡು ಸಾಕಷ್ಟು ಸವೆದಿತ್ತು.

ತುಮಕೂರು ಜಿಲ್ಲೆಯಲ್ಲಿ ಹವ್ಯಾಸಿಗಳ ಕಾಲ ಪಕ್ಷಿಗಳಿಂದ, ಜಿಂಕೆಗಳಿಂದ ಶುರುವಾಯಿತು. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಪರ ದನಿ ಎತ್ತಿತು. 2007ರಲ್ಲಿ ಅಲ್ಲಿಯ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. 2019ರಲ್ಲಿ ಸಿರಾ ಕಡೆಯ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮವಾಯಿತು. ಹುಲ್ಲುಗಾವಲು, ಕುರುಚಲು ಕೂಡ ಉಳಿಸಬೇಕಾದ ಕಾಡೇ ಎಂದು ಸರ್ಕಾರ ಒಪ್ಪಿದ್ದು ದೊಡ್ಡ ಮಾತು. ಕೊಂಬಿನ ಪ್ರಾಣಿಗಾಗಿ ಹಾಕಿದ ಬೇಲಿಯೊಳಗೆ ಸಗಣಿ ಹುಳುಗಳಿಗೂ ತೋಳಜೇಡಗಳಿಗೂ ಆಸರೆ ಸಿಕ್ಕಿದೆ.

2008ರಲ್ಲಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಮತ್ತು ಐನ್ಯಾಚುರಲಿಸ್ಟ್ ಶುರುವಾದವು. ಅದರ ಬೆನ್ನಿಗೇ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ಭಾರತದ ಚಿಟ್ಟೆಗಳ ತಾಣ ಕಟ್ಟಿದರು. ಮುಂದೆ ಪತಂಗ, ಏರೋಪ್ಲೇನ್ ಚಿಟ್ಟೆ, ಜೀರುಂಡೆಗಳಿಗೂ ಅಂಥ ತಾಣಗಳಾದವು. ಕೈಯಲ್ಲಿ ಮೊಬೈಲು ಬಂದ ಮೇಲೆ ಶಾಲೆಯ ಮೇಷ್ಟ್ರು, ಕುರಿ ಕಾಯುವ ಹುಡುಗ, ಬೆಟ್ಟ ಹತ್ತಲು ಬಂದ ಕಾಲೇಜಿನವರು, ಯಾರು ಬೇಕಾದರೂ ದಾಖಲೆ ಸೇರಿಸಬಹುದಾಯಿತು. ಮುಂಗಾರಿಗೆ ಮುಂಚೆ ಪಶ್ಚಿಮಘಟ್ಟ ಬಿಟ್ಟು ಪೂರ್ವದ ಬಯಲಿಗೆ ಸಾಗುವ, ಮಳೆಗಾಲ ಕಳೆದ ಮೇಲೆ ಮರಳುವ ಚಿಟ್ಟೆಗಳ ವಲಸೆಯ ನಕ್ಷೆ ಸ್ಪಷ್ಟವಾಗಬೇಕಾದರೆ ನಡುದಾರಿಯಲ್ಲಿರುವ ಈ ತಾಲ್ಲೂಕುಗಳ ಸಾಕ್ಷ್ಯ ಬೇಕೇ ಬೇಕು. ಎರಡು ತುದಿಯಲ್ಲಿ ನಿಂತು ಎಣಿಸಿದರೆ ದಾರಿ ತಿಳಿಯುವುದಿಲ್ಲ.

ಈ ಸೀಮೆಯ ಪಾಲಿಗೆ ಮಹತ್ವದ ವರ್ಷ 2024. ಕಿರಣ್ ಮರಾಠೆ, ಜಾನ್ ಕೇಲಬ್, ವೇಯ್ನ್ ಮ್ಯಾಡಿಸನ್, ಕುಂಟೆ ಮೊದಲಾದವರು ಝೂಕೀಸ್ ಪತ್ರಿಕೆಯಲ್ಲಿ ಜಿಗಿಯುವ ಜೇಡಗಳ ಒಂದು ಹೊಸ ಕುಲವನ್ನೇ ಪ್ರಕಟಿಸಿ ಅದಕ್ಕೆ ಕನ್ನಡದ ತೆಂಕಣ ಎಂಬ ಹೆಸರಿಟ್ಟರು. ಮುಂಚೆ ಕೊಲಾಪ್ಸಸ್ ಕುಲದಲ್ಲಿದ್ದ ಎರಡು ಪ್ರಭೇದಗಳನ್ನು ಇದಕ್ಕೆ ತಂದರು. ಕರ್ನಾಟಕದಲ್ಲಿ ಸಿಕ್ಕ ಹೊಸ ಪ್ರಭೇದಕ್ಕೆ ಜಯಮಂಗಲಿ ಎಂದು ಹೆಸರಾಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಯ ನೆಲ ನೆನೆಸಿ ಉತ್ತರ ಪಿನಾಕಿನಿಗೆ ಸೇರುವ ನಮ್ಮ ಜಯಮಂಗಲಿ. ಈ ಕುಲದ ಜೇಡಗಳು ಒಣ ಜಾಗಗಳಲ್ಲಿ, ನೆಲದ ಮೇಲೆ ಬದುಕುವಂಥವು. ಖಾಲಿ ಎಂದುಕೊಂಡಿದ್ದ ಜಾಗ ಖಾಲಿಯಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ? ಇಲ್ಲಿ ಒಂದು ಎಚ್ಚರಿಕೆಯೂ ಇದೆ. ಜಿಗಿಯುವ ಜೇಡಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಜೇಡಗಳನ್ನು ಖಚಿತವಾಗಿ ಹೆಸರಿಸಲು ಬಲಿತ ಗಂಡಿನ ಮುಂಗೈಯಂಥ ಸ್ಪರ್ಶಾಂಗದ ತುದಿಯನ್ನೋ ಹೆಣ್ಣಿನ ಹೊಟ್ಟೆಯ ಕೆಳಗಿನ ಜನನಾಂಗದ ರಚನೆಯನ್ನೋ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಬೆನ್ನಿನ ಒಂದು ಚಂದದ ಫೋಟೋಕ್ಕೆ ಪ್ರಭೇದದ ಹೆಸರು ಅಂಟಿಸುವ ಆತುರ ಈಚೆಗೆ ಹೆಚ್ಚಾಗಿದೆ. ಕುಲದವರೆಗೆ ಮಾತ್ರ ಗೊತ್ತು ಎಂದು ನಿಲ್ಲಿಸುವುದು ಸೋಲಲ್ಲ, ಒಳ್ಳೆಯ ದಾಖಲೆಯ ಲಕ್ಷಣ.

ಹೊಸದು ಬೇಡ, ಸಾಮಾನ್ಯವಾದದ್ದೇ ಸಾಕು ಎನ್ನುವವರಿಗೆ ಬೇಲಿಸಾಲಿನ ಗುಂಪುಜೇಡವಿದೆ. ವಿಜ್ಞಾನಿಗಳು ಸ್ಟೆಗೋಡೈಫಸ್ ಸರಸಿನೋರಮ್ ಎನ್ನುವುದು ಇದನ್ನೇ. ಮುಳ್ಳುಪೊದೆಯ ಕವಲಿನಲ್ಲಿ ಧೂಳು, ಒಣಎಲೆ, ತಿಂದುಳಿದ ಹುಳುಗಳ ರೆಕ್ಕೆ ಎಲ್ಲ ಸೇರಿ ಕೊಳಕು ಹತ್ತಿಯುಂಡೆಯಂತೆ ಕಾಣುವ ಗೂಡು, ಅದರಿಂದ ಸುತ್ತಲೂ ಹರಡಿದ ಬಲೆ. ಒಳಗೆ ಹತ್ತಾರು, ಕೆಲವೊಮ್ಮೆ ನೂರಾರು ಜೇಡ, ಹೆಚ್ಚಿನವು ಹೆಣ್ಣು. ಬಲೆಗೆ ಬಿದ್ದ ಮಿಡತೆಯನ್ನು ನಾಲ್ಕಾರು ಸೇರಿ ಎಳೆದು ತರುತ್ತವೆ. ಮರಿಗಳನ್ನು ತಾಯಿಯಷ್ಟೇ ಅಲ್ಲ, ಮೊಟ್ಟೆಯಿಡದ ಹೆಣ್ಣುಗಳೂ ಸಾಕುತ್ತವೆ, ಕಡೆಗೆ ತಮ್ಮ ಮೈಯನ್ನೇ ಮರಿಗಳಿಗೆ ಉಣಿಸಿ ಸಾಯುತ್ತವೆ. ಆಂಧ್ರದ ಕುಪ್ಪಂ ಸುತ್ತಮುತ್ತ ವಿದೇಶದವರೂ ಬಂದು ಇವುಗಳನ್ನು ಅಭ್ಯಾಸ ಮಾಡಿದ್ದಾರೆ. ನಮ್ಮಲ್ಲಿ ಹೊಲ ಹಸನು ಮಾಡುವಾಗ ಬೇಲಿಯ ಜೊತೆಗೆ ಇವನ್ನೂ ಸುಡುತ್ತೇವೆ.

ಸಾಮಾನ್ಯವಾದದ್ದನ್ನು ಬರೆದಿಡದಿದ್ದರೆ ಏನು ಕಳೆಯುತ್ತದೆ ಎಂಬುದಕ್ಕೆ ಪಾವಗಡವೇ ಉತ್ತರ. ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿದೆ. ಸೌರ ಫಲಕದಿಂದ ಪ್ರತಿಫಲಿಸುವ ಬೆಳಕನ್ನು ಕೆಲವು ಜಲಕೀಟಗಳು ನೀರೆಂದು ಭ್ರಮಿಸಿ ಅದರ ಮೇಲೆ ಮೊಟ್ಟೆ ಇಡಲು ಹೋಗುತ್ತವೆ ಎಂದು ಹಂಗೇರಿಯ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಫಲಕದ ಮೇಲೆ ಬಿಳಿ ಗೆರೆಗಳ ಚೌಕ ಎಳೆದರೆ ಆ ಸೆಳೆತ ತಗ್ಗುತ್ತದೆ ಎಂದೂ ಕಂಡುಕೊಂಡರು. ಪಾವಗಡದ ಕೆರೆಕುಂಟೆಗಳ ಏರೋಪ್ಲೇನ್ ಚಿಟ್ಟೆಗಳಿಗೆ, ನೀರಹುಳುಗಳಿಗೆ ಏನಾಗಿದೆ ಎಂದು ಹೇಳಬೇಕಾದರೆ ಫಲಕ ಬರುವ ಮುಂಚೆ ಅಲ್ಲಿ ಏನಿತ್ತೆಂಬ ಪಟ್ಟಿ ಕೈಯಲ್ಲಿರಬೇಕು. ರೈತರಿಗೆ ಗೇಣಿ, ನಾಡಿಗೆ ವಿದ್ಯುತ್ ಕೊಟ್ಟ ಯೋಜನೆಯನ್ನು ನಾನು ದೂರುತ್ತಿಲ್ಲ. ಮುಂದಿನ ಯೋಜನೆಗೆ ಮೊದಲು ಆ ಪಟ್ಟಿ ಮಾಡಿಸುವುದು ಪಂಚಾಯಿತಿಗೂ ಸಾಧ್ಯವಿರುವ ಕೆಲಸ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದರಲ್ಲಿ ಮರ, ಔಷಧಿ ಗಿಡ, ದನದ ತಳಿಗಳ ಜೊತೆ ಹುಳುಗಳಿಗೂ ಪುಟ ತೆರೆಯಲು ಅಡ್ಡಿಯಿಲ್ಲ.

ಮಿಡಿಗೇಶಿ, ಕೊರಟಗೆರೆ, ಸಿರಾ, ಪಾವಗಡದ ಓದುಗರಲ್ಲಿ ಒಂದು ಕೋರಿಕೆ. ಕಂಡ ಹುಳುವಿನ ಫೋಟೋ ಜೊತೆಗೆ ತಾರೀಖು, ಊರು, ಸರ್ವೆ ನಂಬರ್ ಗೊತ್ತಿದ್ದರೆ ಅದು, ಯಾವ ಗಿಡದ ಮೇಲೆ ಕೂತಿತ್ತು, ಮಳೆ ಬಂದು ಎಷ್ಟು ದಿನವಾಗಿತ್ತು, ನಿಮ್ಮ ಮನೆಯಲ್ಲಿ ಅದಕ್ಕೆ ಏನನ್ನುತ್ತಾರೆ, ಇಷ್ಟನ್ನು ಕನ್ನಡದಲ್ಲೇ ಬರೆಯಿರಿ. ಕಂಬಳಿ ಹುಳು ಬಾರದ ವರ್ಷ ಬರಲಿಲ್ಲ ಎಂದೂ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಬಿಟ್ಟಿರಿ, ಅದನ್ನು ಹೇಳುವವರು ಬೆಂಗಳೂರಿನಲ್ಲೋ ಇನ್ನೆಲ್ಲೋ ಸಿಗುತ್ತಾರೆ. ದಿನವನ್ನೂ ಜಾಗವನ್ನೂ ಹೇಳಬಲ್ಲವರು ನೀವು ಮಾತ್ರ.