ಮರಿಕೋಸು ಮತ್ತು ಚೊರೀಸ್: ಓವನ್‌ನಲ್ಲಿ ಹುರಿಯುವ ಕ್ರಮ, ಅರಿತಿರಬೇಕಾದ ಎಚ್ಚರ

ಇಂಗ್ಲೆಂಡಿನ ಕ್ರಿಸ್‌ಮಸ್ ಊಟದಲ್ಲಿ ಮಾಂಸದ ಪಕ್ಕಕ್ಕೆ ಬಡಿಸುವ ತರಕಾರಿಗಳ ಪೈಕಿ ಬ್ರಸೆಲ್ಸ್ ಸ್ಪ್ರೌಟ್ಸ್ ತಪ್ಪದೆ ಇರುತ್ತದೆ. ಉಪ್ಪು ಹಾಕಿ ಹದಗೊಳಿಸಿದ ಹಂದಿ ಮಾಂಸದ ಚೂರುಗಳೊಡನೆ ಅದನ್ನು ಓವನ್‌ನಲ್ಲಿ ಹುರಿಯುವ ಪದ್ಧತಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಜನಪ್ರಿಯವಾಗಿದೆ. ಈಗ ಈ ತರಕಾರಿ ಕರ್ನಾಟಕದ ದೊಡ್ಡ ನಗರಗಳ ಸೂಪರ್ ಮಾರ್ಕೆಟ್‌ಗಳಲ್ಲಿಯೂ ಕಾಣಸಿಗುತ್ತದೆ. ತರಕಾರಿ ನಮಗೆ ಹೊಸದಿರಬಹುದು. ಆದರೆ ಉಪ್ಪು, ಹುಳಿ, ಹೊಗೆಗಳಿಂದ ಕಾಪಿಟ್ಟ ಹಂದಿ ಮಾಂಸ ನಮ್ಮ ಕರಾವಳಿಗೆ ಹೊಸದಲ್ಲ. ಗೋವಾಕ್ಕೆ ಹೊಂದಿಕೊಂಡ ಕಾರವಾರ ಸೀಮೆಯ ಕ್ರೈಸ್ತ ಕುಟುಂಬಗಳಿಗೆ ಚಿರಪರಿಚಿತವಾದ 'ಚೊರೀಸ್' ಈ ಖಾದ್ಯಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನು ಬಳಸುವ ಕ್ರಮವನ್ನೂ, ಬಳಸುವಾಗ ವಹಿಸಬೇಕಾದ ಎಚ್ಚರವನ್ನೂ ಇಲ್ಲಿ ವಿವರಿಸಲಾಗಿದೆ.

ಯಾವ 'ಸ್ಪ್ರೌಟ್ಸ್'?

ನಮ್ಮ ಅಂಗಡಿಗಳಲ್ಲಿ 'ಸ್ಪ್ರೌಟ್ಸ್' ಎಂದರೆ ಮೊಳಕೆ ಬರಿಸಿದ ಹೆಸರುಕಾಳು ಅಥವಾ ಮಡಕೆಕಾಳು ಎಂದೇ ಅರ್ಥ. ಬ್ರಸೆಲ್ಸ್ ಸ್ಪ್ರೌಟ್ಸ್‌ಗೂ ಕಾಳಿನ ಮೊಳಕೆಗೂ ಸಂಬಂಧವಿಲ್ಲ. ಅದು ಕೋಸಿನ ಜಾತಿಗೆ ಸೇರಿದ್ದು. ಸಸ್ಯಶಾಸ್ತ್ರದ ಪ್ರಕಾರ ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಇವೆಲ್ಲವೂ 'ಬ್ರಾಸಿಕಾ ಓಲರೇಸಿಯಾ' ಎಂಬ ಒಂದೇ ಪ್ರಭೇದದ ಬೇರೆ ಬೇರೆ ರೂಪಗಳು. ಬ್ರಸೆಲ್ಸ್ ಸ್ಪ್ರೌಟ್ಸ್ ಇದೇ ಪ್ರಭೇದದ 'ಗೆಮ್ಮಿಫೆರಾ' ಎಂಬ ತಳಿ. ಎತ್ತರವಾಗಿ ಬೆಳೆಯುವ ದಂಟಿನಲ್ಲಿ ಪ್ರತಿಯೊಂದು ಎಲೆಯ ಕಂಕುಳಿನಲ್ಲಿ ನಿಂಬೆ ಗಾತ್ರದ ಒಂದೊಂದು ಪುಟ್ಟ ಕೋಸು ಕಟ್ಟುತ್ತದೆ. ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲದ ಕಾರಣ ಈ ಬರಹದಲ್ಲಿ 'ಮರಿಕೋಸು' ಎಂದು ಕರೆಯಲಾಗಿದೆ.

ಇದು ಚಳಿಯ ಬೆಳೆ. ನೀಲಗಿರಿಯಂತಹ ತಂಪು ಬೆಟ್ಟಗಳಲ್ಲಿ ಬೆಳೆಯುತ್ತದೆಯೇ ಹೊರತು ಕರಾವಳಿಯ ಸೆಖೆಗೆ ಒಗ್ಗುವುದಿಲ್ಲ. ಕೊಳ್ಳುವಾಗ ಗಟ್ಟಿಯಾಗಿ ಮುಚ್ಚಿಕೊಂಡಿರುವ, ಕೈಗೆ ಭಾರವೆನಿಸುವ, ಹಳದಿ ಎಲೆಗಳಿಲ್ಲದ ಸಣ್ಣ ಕೋಸುಗಳನ್ನು ಆರಿಸಬೇಕು.

ಗಡಿಯ ಎರಡೂ ಬದಿಯ ಚೊರೀಸ್

ಪೋರ್ಚುಗೀಸರು 1510ರಲ್ಲಿ ಗೋವಾವನ್ನು ವಶಪಡಿಸಿಕೊಂಡರು. 1961ರವರೆಗೆ ಅಲ್ಲಿ ಅವರ ಆಡಳಿತವಿತ್ತು. ಅವರ ನಾಡಿನ 'ಶೋರೀಸು' ಎಂಬ ಹಂದಿ ಮಾಂಸದ ಸಾಸೇಜ್ ಇಲ್ಲಿಯ ಅಡುಗೆಮನೆಯಲ್ಲಿ ಬೇರೆಯೇ ರೂಪ ತಾಳಿತು. ಕಳ್ಳಿನಿಂದ ತಯಾರಿಸಿದ ವಿನೆಗರ್, ಧಾರಾಳವಾಗಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆ, ಕಾಳುಮೆಣಸು, ಲವಂಗ, ದಾಲ್ಚಿನ್ನಿಗಳು ಅದರೊಳಗೆ ಸೇರಿಕೊಂಡವು. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲೇ ಭಾರತಕ್ಕೆ ಬಂದದ್ದೆಂಬುದು ಗಮನಾರ್ಹ.

ಕಾರವಾರದಿಂದ ಕಾಳಿ ನದಿಯನ್ನು ದಾಟಿ, ಸದಾಶಿವಗಡ, ಮಾಜಾಳಿಗಳನ್ನು ಹಾದರೆ ಗೋವಾದ ಕಾಣಕೋಣ ತಾಲ್ಲೂಕು. ರಾಜ್ಯದ ಗಡಿ ಇದ್ದರೂ ಭಾಷೆ, ನೆಂಟಸ್ತಿಕೆ, ಊಟೋಪಚಾರಗಳಿಗೆ ಗಡಿಯಿಲ್ಲ. ಕಾರವಾರದ ರೈಲು ನಿಲ್ದಾಣ ಇರುವುದು ಪೇಟೆಯಿಂದ ದೂರದ ಶಿರವಾಡದಲ್ಲಿ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಶಿರವಾಡದಿಂದ ಮಡಗಾಂವ್ ಒಂದರಿಂದ ಒಂದೂವರೆ ಗಂಟೆಯ ಪಯಣವಾಯಿತು. ಮಡಗಾಂವ್ ಮಾರುಕಟ್ಟೆಯಲ್ಲಿ ಜಪಮಾಲೆಯಂತೆ ದಾರದಲ್ಲಿ ಪೋಣಿಸಿ ತೂಗುಹಾಕಿದ ಕೆಂಪು ಚೊರೀಸ್ ಸರಗಳು ಇಂದಿಗೂ ಮಾರಾಟಕ್ಕಿರುತ್ತವೆ.

ಮಳೆಗಾಲದ ಬುತ್ತಿ

ಚೊರೀಸ್ ಹುಟ್ಟಿದ್ದು ಕೇವಲ ನಾಲಿಗೆಯ ಚಾಪಲ್ಯಕ್ಕಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕರಾವಳಿಯಲ್ಲಿ ಮಳೆ ಬಿಡುವು ಕೊಡುವುದು ಅಪರೂಪ. ಸಮುದ್ರಕ್ಕೆ ದೋಣಿ ಇಳಿಯದು, ಸಂತೆ ನಡೆಯದು. ಹಾಗಾಗಿ ಬೇಸಿಗೆಯಲ್ಲೇ ಒಣಮೀನು, ಮುರುಗಲು ಸಿಪ್ಪೆ, ಮೆಣಸಿನಕಾಯಿ, ಚೊರೀಸ್‌ಗಳನ್ನು ಕೂಡಿಡುವುದು ವಾಡಿಕೆ. ಗೋವಾದಲ್ಲಿ ಈ ಸಂಗ್ರಹಕ್ಕೆ 'ಪುರುಮೆಂತ್' ಎಂಬ ಹೆಸರಿದೆ. ಅದರ ಖರೀದಿಗೆಂದೇ ಮಳೆಗಾಲಕ್ಕೆ ಮುನ್ನ ಜಾತ್ರೆ ಸೇರುತ್ತದೆ. ಕೊಡಗಿನವರು ಒಲೆಯ ಮೇಲಿನ ಹೊಗೆಗೆ ಮಾಂಸ ಒಣಗಿಸಿಟ್ಟುಕೊಳ್ಳುವುದರ ಹಿಂದೆಯೂ ಇದೇ ಮಳೆಗಾಲದ ಲೆಕ್ಕಾಚಾರವಿದೆ.

ಉಪ್ಪು ಮಾಂಸದ ನೀರನ್ನು ಹೀರಿ ಹೊರಹಾಕುತ್ತದೆ. ವಿನೆಗರ್ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ಬಿಸಿಲು ಮತ್ತು ಹೊಗೆ ಉಳಿದ ತೇವವನ್ನು ಕಡಿಮೆ ಮಾಡುತ್ತವೆ. ನೀರು ಮತ್ತು ಅನುಕೂಲ ವಾತಾವರಣ ಸಿಗದೆ ಕೊಳೆಸುವ ಸೂಕ್ಷ್ಮಾಣುಗಳ ಬೆಳವಣಿಗೆ ಕುಂಠಿತಗೊಳ್ಳುತ್ತದೆ. ಕೆಲವು ತಯಾರಕರು ಪೆಟ್ಲುಪ್ಪನ್ನೂ ಬೆರೆಸುವುದುಂಟು. ಮಾಂಸದ ಕೆಂಬಣ್ಣ ಉಳಿಯುವುದು ಅದರಿಂದ. ಆದರೆ ಒಂದು ಮಾತನ್ನು ಮರೆಯಬಾರದು: ಹದಗೊಳಿಸಿದ ಮಾಂಸವೆಂದರೆ ಬೆಂದ ಮಾಂಸವಲ್ಲ. ನಮ್ಮ ಚೊರೀಸ್ ಬೇಯಿಸಿಯೇ ತಿನ್ನಬೇಕಾದ ಪದಾರ್ಥ.

ಬೇಯಿಸುವುದಕ್ಕಿಂತ ಹುರಿಯುವುದು ಏಕೆ ಮೇಲು?

ಮರಿಕೋಸನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಅದರಲ್ಲಿರುವ ಗಂಧಕಯುಕ್ತ ಸಂಯುಕ್ತಗಳು ಒಡೆದು ಅಹಿತವಾದ ವಾಸನೆ ಹೊಮ್ಮುತ್ತದೆ. ಅನೇಕರು ಈ ತರಕಾರಿಯನ್ನು ದೂರವಿಡಲು ಅದೇ ಕಾರಣ. ಓವನ್‌ನ ಒಣ ಶಾಖದಲ್ಲಿ ಹಾಗಾಗುವುದಿಲ್ಲ. ಮೇಲ್ಮೈಯ ನೀರು ಬೇಗ ಆರಿ, ಸಕ್ಕರೆ ಮತ್ತು ಪ್ರೋಟೀನುಗಳು ಕಂದುಬಣ್ಣಕ್ಕೆ ತಿರುಗಿ, ಸುಟ್ಟ ಕಡಲೆಯನ್ನು ನೆನಪಿಸುವ ಪರಿಮಳ ಬರುತ್ತದೆ. ಉಳಿಯುವ ಅಲ್ಪ ಕಹಿಯನ್ನು ಚೊರೀಸ್‌ನ ಉಪ್ಪು, ಹುಳಿ ಮತ್ತು ಕೊಬ್ಬು ಸರಿದೂಗಿಸುತ್ತವೆ. ಹೀಗಾಗಿ ಈ ಖಾದ್ಯಕ್ಕೆ ಬೇರೆ ಮಸಾಲೆ ಬೇಕಿಲ್ಲ, ಬೇರೆ ಉಪ್ಪಂತೂ ಬೇಡವೇ ಬೇಡ.

ಬೇಕಾಗುವ ಸಾಮಗ್ರಿ (ನಾಲ್ವರಿಗೆ, ಪಕ್ಕದ ಖಾದ್ಯವಾಗಿ)

ಮರಿಕೋಸು: 500 ಗ್ರಾಂ
ಚೊರೀಸ್: 150 ಗ್ರಾಂ
ಸಾಂಬಾರ ಈರುಳ್ಳಿ: 8ರಿಂದ 10 (ಕುಮಟಾದ ಸಿಹಿ ಈರುಳ್ಳಿ ದೊರೆತರೆ 2 ಸಾಕು)
ಬೆಳ್ಳುಳ್ಳಿ: 6 ಎಸಳು, ಸಿಪ್ಪೆ ಸಹಿತ
ಕೊಬ್ಬರಿ ಎಣ್ಣೆ ಅಥವಾ ಇತರ ಅಡುಗೆ ಎಣ್ಣೆ: 1 ದೊಡ್ಡ ಚಮಚ
ನೀರು: ಅರ್ಧ ಲೋಟ

ಮಾಡುವ ವಿಧಾನ

1. ಮರಿಕೋಸಿನ ಬುಡವನ್ನು ತೆಳ್ಳಗೆ ಕತ್ತರಿಸಿ, ಒಣಗಿದ ಹೊರ ಎಲೆಗಳನ್ನು ತೆಗೆದು, ಹರಿಯುವ ನೀರಿನಲ್ಲಿ ತೊಳೆದು ಉದ್ದಕ್ಕೆ ಎರಡು ಹೋಳು ಮಾಡಿ. ಬಟ್ಟೆಯಿಂದ ಒತ್ತಿ ಪೂರ್ತಿ ಒಣಗಿಸಿ. ತೇವವಿದ್ದರೆ ಹುರಿಯುವ ಬದಲು ಹಬೆಯಲ್ಲಿ ಬೆಂದಂತಾಗುತ್ತದೆ.

2. ಚೊರೀಸ್‌ನ ದಾರ ಮತ್ತು ಹೊದಿಕೆಯನ್ನು ಬಿಡಿಸಿ ಮಾಂಸವನ್ನು ಪುಡಿಮಾಡಿ. ಬಾಣಲೆಯಲ್ಲಿ ಅರ್ಧ ಲೋಟ ನೀರಿನೊಡನೆ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ, ನೀರು ಇಂಗಿ ಕೆಂಪು ಕೊಬ್ಬು ತೇಲುವವರೆಗೆ ಬೇಯಿಸಿ. ಮಾಂಸವನ್ನು ಬೇರೆ ತಟ್ಟೆಗೆ ತೆಗೆದಿಡಿ.

3. ಓವನ್ ಅನ್ನು 200 ಡಿಗ್ರಿ ಸೆಲ್ಸಿಯಸ್‌ಗೆ 15 ನಿಮಿಷ ಮುಂಚಿತವಾಗಿ ಕಾಯಿಸಿ.

4. ಬಾಣಲೆಯಲ್ಲಿ ಉಳಿದ ಕೊಬ್ಬಿನಿಂದ ಎರಡು ಚಮಚದಷ್ಟನ್ನು ಎಣ್ಣೆಯೊಡನೆ ಬೆರೆಸಿ ಕೋಸು, ಈರುಳ್ಳಿ, ಬೆಳ್ಳುಳ್ಳಿಗಳಿಗೆ ಸವರಿ. ಕತ್ತರಿಸಿದ ಮುಖ ತಟ್ಟೆಗೆ ತಾಗುವಂತೆ ಒಂದೇ ಪದರದಲ್ಲಿ ಜೋಡಿಸಿ. ಒಂದರ ಮೇಲೊಂದು ಪೇರಿಸಬಾರದು, ಓ.ಟಿ.ಜಿ. ಚಿಕ್ಕದಿದ್ದರೆ ಎರಡು ಸರದಿಯಲ್ಲಿ ಹುರಿಯಿರಿ.

5. 18ರಿಂದ 20 ನಿಮಿಷ ಹುರಿದು, ಕೆಳಮುಖ ಕಂದುಬಣ್ಣಕ್ಕೆ ಬಂದ ಮೇಲೆ ಬೆಂದ ಚೊರೀಸ್ ಹರಡಿ ಇನ್ನೂ 5 ನಿಮಿಷ ಬಿಡಿ. ಮೊದಲೇ ಹಾಕಿದರೆ ಮೆಣಸಿನ ಮಸಾಲೆ ಕರಕಲಾಗಿ ಕಹಿಯಾಗುತ್ತದೆ.

ಚೊರೀಸ್ ಬದಲಿಗೆ ಬೇಕನ್ ಬಳಸುವವರು ಅದನ್ನು ಸಣ್ಣಗೆ ಹೆಚ್ಚಿ ಆರಂಭದಿಂದಲೇ ಕೋಸಿನ ಜೊತೆ ಹಾಕಬಹುದು. ಆಗ ಕೊನೆಯಲ್ಲಿ ಕೆಲವು ಹನಿ ನಿಂಬೆರಸ ಹಿಂಡುವುದು ಒಳಿತು. ಬೇಕನ್‌ನಲ್ಲಿ ಚೊರೀಸ್‌ನ ಹುಳಿ ಇರುವುದಿಲ್ಲ. ಪಾವ್, ಸಾನ್ನಾ ಅಥವಾ ಕುಚ್ಚಲಕ್ಕಿ ಅನ್ನದೊಂದಿಗೆ ಬಿಸಿಯಾಗಿ ಬಡಿಸಬೇಕು.

ಓವನ್ ಅಥವಾ ಮರಿಕೋಸು ಇಲ್ಲದಿದ್ದರೆ

ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಕತ್ತರಿಸಿದ ಮುಖ ಕೆಳಗಿರುವಂತೆ ಇಟ್ಟು, ಮಧ್ಯಮ ಉರಿಯಲ್ಲಿ ಬಣ್ಣ ಬರಿಸಿ, ಬಳಿಕ ಮುಚ್ಚಿ ಐದಾರು ನಿಮಿಷ ಬೇಯಿಸಬಹುದು. ಸೌದೆ ಒಲೆಯಿರುವ ಮನೆಗಳಲ್ಲಿ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿ ಮೇಲಿನಿಂದಲೂ ಶಾಖ ಕೊಡುವ ಹಳೆಯ ಉಪಾಯವೂ ಆಗುತ್ತದೆ. ಮರಿಕೋಸಿಗೆ ಬದಲಾಗಿ ಎಲೆಕೋಸನ್ನು ನಡುದಂಟು ಸೇರಿದಂತೆ ಎರಡು ಬೆರಳು ದಪ್ಪದ ಹೋಳುಗಳಾಗಿಸಿ ಬಳಸಿದರೆ ರುಚಿಯಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಒಂದೇ ಜಾತಿಯ ತರಕಾರಿಯಷ್ಟೆ. ನವಿಲುಕೋಸಿಗೆ ಹತ್ತು ನಿಮಿಷ ಹೆಚ್ಚು ಬೇಕಾಗುತ್ತದೆ.

ಲಾಡಿಹುಳು: ಮಾಂಸದಷ್ಟೇ ತರಕಾರಿಯೂ ಮುಖ್ಯ

ಹಂದಿ ಮಾಂಸದ ಬಗ್ಗೆ ಇರುವ ಅತಿ ದೊಡ್ಡ ಭಯ ಲಾಡಿಹುಳುವಿನದು. ಈ ವಿಷಯದಲ್ಲಿ ಜನರಲ್ಲಿ ಅರ್ಧ ತಿಳಿವಳಿಕೆಯಷ್ಟೇ ಇದೆ. 'ಟೀನಿಯಾ ಸೋಲಿಯಂ' ಎಂಬ ಹುಳುವಿನ ಗಂಟುಗಳಿರುವ ಮಾಂಸವನ್ನು ಅರೆಬೆಂದ ಸ್ಥಿತಿಯಲ್ಲಿ ತಿಂದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆದರೆ ಮಿದುಳಿಗೆ ತಗಲುವ ಗಂಭೀರ ರೋಗ ಬರುವುದು ಮಾಂಸದಿಂದಲ್ಲ. ಹುಳುವಿರುವ ವ್ಯಕ್ತಿಯ ಮಲದ ಮೂಲಕ ಹೊರಬಿದ್ದ ಮೊಟ್ಟೆಗಳು ನೀರು, ಕೈ ಅಥವಾ ತೊಳೆಯದ ಹಸಿ ತರಕಾರಿಯೊಡನೆ ಹೊಟ್ಟೆ ಸೇರಿದಾಗ ಮಿದುಳಿನಲ್ಲಿ ಗಂಟುಗಳಾಗಿ, ಮೂರ್ಛೆರೋಗಕ್ಕೆ ಕಾರಣವಾಗುತ್ತವೆ. ಈ ಹುಳು ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಮೂರ್ಛೆರೋಗದ ಪ್ರಕರಣಗಳಲ್ಲಿ ಸುಮಾರು ಶೇ. 30ರಷ್ಟಕ್ಕೆ ಇದೇ ಮೂಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಂದಿ ಮಾಂಸವನ್ನು ಮುಟ್ಟದ ಶುದ್ಧ ಸಸ್ಯಾಹಾರಿಗಳಿಗೂ ಈ ರೋಗ ತಗಲುವುದು ಹೀಗೆ.

ಆದ್ದರಿಂದ ಎರಡೂ ಕಡೆ ಎಚ್ಚರ ಅಗತ್ಯ. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ತಲಪುವಂತೆ ಬೇಯಿಸಬೇಕು. ಮೇಲೆ ಹೇಳಿದಂತೆ ಪುಡಿಮಾಡಿ ನೀರಿನಲ್ಲಿ ಕುದಿಸಿದರೆ ಇದು ಸುಲಭ. ಓವನ್ ಸೇರುವ ಕೋಸಿಗಿಂತ ಪಕ್ಕದಲ್ಲಿ ಹಸಿಯಾಗಿ ಬಡಿಸುವ ಸೌತೆ, ಕ್ಯಾರೆಟ್, ಕೊತ್ತಂಬರಿ ಸೊಪ್ಪುಗಳನ್ನು ಹೆಚ್ಚು ಶ್ರದ್ಧೆಯಿಂದ ಉಜ್ಜಿ ತೊಳೆಯಬೇಕು. ಹಸಿ ಮಾಂಸ ತಾಗಿದ ಚಾಕು, ಮಣೆಗಳನ್ನು ಸೋಪಿನಿಂದ ತೊಳೆಯದೆ ತರಕಾರಿಗೆ ಬಳಸಕೂಡದು. ಪೊಟ್ಟಣದ ಚೊರೀಸ್ ಆದರೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯನ್ನೂ ತಯಾರಿಕೆಯ ದಿನಾಂಕವನ್ನೂ ನೋಡಿ ಕೊಳ್ಳಬೇಕು. ಬಿಡಿಯಾಗಿ ಕೊಂಡದ್ದನ್ನು ಮನೆ ಸೇರಿದೊಡನೆ ಫ್ರಿಜ್‌ನಲ್ಲಿಡುವುದು ಕ್ಷೇಮ. ಅಂಟು, ಬೂಷ್ಟು ಅಥವಾ ದುರ್ವಾಸನೆ ಕಂಡರೆ ಎಸೆಯಬೇಕು.

ಯಾರಿಗೆ, ಎಷ್ಟು?

100 ಗ್ರಾಂ ಹಸಿ ಮರಿಕೋಸಿನಲ್ಲಿ ಸುಮಾರು 43 ಕ್ಯಾಲೊರಿ, 3.8 ಗ್ರಾಂ ನಾರು ಮತ್ತು 85 ಮಿಲಿಗ್ರಾಂ 'ಸಿ' ಜೀವಸತ್ವ ಇರುತ್ತದೆ. ಹುರಿದಾಗ 'ಸಿ' ಸ್ವಲ್ಪ ನಷ್ಟವಾಗುತ್ತದೆ. 'ಕೆ' ಜೀವಸತ್ವವೂ ಹೇರಳವಾಗಿದೆ. ಇದು ರಕ್ತ ಹೆಪ್ಪುಗಟ್ಟಲು ನೆರವಾಗುವ ಜೀವಸತ್ವವಾದ್ದರಿಂದ ವಾರ್ಫರಿನ್ ಮಾತ್ರೆ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಇಂತಹ ತರಕಾರಿಯ ಪ್ರಮಾಣವನ್ನು ಏಕಾಏಕಿ ಹೆಚ್ಚಿಸಬಾರದು.

ಮಾಂಸದ ವಿಷಯದಲ್ಲಿ ಮಿತಿ ಇನ್ನೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2015ರಲ್ಲಿ ಸಂಸ್ಕರಿತ ಮಾಂಸವನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಪ್ರತಿನಿತ್ಯ 50 ಗ್ರಾಂ ಸೇವಿಸುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಶೇ. 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬ ಸಲಹೆಯೂ ಇದೆ. ರಕ್ತದೊತ್ತಡ ಇರುವವರಿಗೆ ಚೊರೀಸ್ ನಿತ್ಯದ ಆಹಾರವಾಗದು.

ಈ ಖಾದ್ಯದ ಅನುಕೂಲವೂ ಇಲ್ಲಿಯೇ ಅಡಗಿದೆ. ಅರ್ಧ ಕಿಲೋ ತರಕಾರಿಗೆ 150 ಗ್ರಾಂ ಮಾಂಸವೆಂದರೆ ಒಬ್ಬರ ಪಾಲಿಗೆ 40 ಗ್ರಾಂಗೂ ಕಡಿಮೆ. ಮಳೆಗಾಲದುದ್ದಕ್ಕೂ ಬರಬೇಕಾದ ಚೊರೀಸ್ ಸರವನ್ನು ಕರಾವಳಿಯ ಗೃಹಿಣಿಯರು ಆಲೂಗೆಡ್ಡೆಗೋ ಅನ್ನಕ್ಕೋ ನಾಲ್ಕೇ ಮಣಿ ಹಾಕಿ ಇಡೀ ಮನೆಗೆ ರುಚಿ ಕೊಡುತ್ತಿದ್ದರು. ಇಲ್ಲಿಯೂ ಚೊರೀಸ್ ಇರಬೇಕಾದುದು ವಗ್ಗರಣೆಯ ಸ್ಥಾನದಲ್ಲಿ. ತಟ್ಟೆ ತುಂಬಬೇಕಾದುದು ಕೋಸು.