ಮೂತ್ರಪಿಂಡ ರೋಗಿಗಳಿಗೆ ಹಿತ್ತಲಿನ ಹಣ್ಣುಗಳ ಆಯ್ಕೆ

ಉಡುಪಿ, ಕಾಪು ಹಾಗೂ ಕಾರ್ಕಳ ತಾಲ್ಲೂಕುಗಳ ಮನೆ ಹಿತ್ತಲುಗಳಲ್ಲಿ ಬಾಳೆ, ಹಲಸು, ಪೇರಳೆ, ಪಪ್ಪಾಯಿ, ಅನಾನಸು, ಧಾರೆಹುಳಿ ಮತ್ತು ಬಿಂಬುಳಿ ಸಾಮಾನ್ಯ. ಡಯಾಲಿಸಿಸ್‌ಗಾಗಿ ಉಡುಪಿ, ಮಣಿಪಾಲಗಳ ಆಸ್ಪತ್ರೆಗಳಿಗೆ ಹೋಗಿಬರುವವರ ಮನೆಯಲ್ಲಿಯೂ ಇವೇ ಹಣ್ಣುಗಳಿರುತ್ತವೆ. ಇವುಗಳಲ್ಲಿ ಯಾವುದನ್ನು ಎಷ್ಟು ಕೊಡಬಹುದು, ಯಾವುದನ್ನು ಕೊಡಲೇಬಾರದು ಎಂಬುದನ್ನು ಮನೆಯವರು ಅರಿತಿರುವುದು ಅಗತ್ಯ.

ಪೊಟ್ಯಾಸಿಯಂ ಏಕೆ ಮುಖ್ಯ?
ಆರೋಗ್ಯವಂತ ಮೂತ್ರಪಿಂಡವು ಹೆಚ್ಚುವರಿ ಪೊಟ್ಯಾಸಿಯಂ ಅನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಮೂತ್ರಪಿಂಡ ದುರ್ಬಲಗೊಂಡಾಗ ಅದು ರಕ್ತದಲ್ಲಿ ಸಂಗ್ರಹವಾಗಿ ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲದು. ಆದರೆ ಎಲ್ಲ ರೋಗಿಗಳಿಗೂ ಈ ನಿರ್ಬಂಧ ಬೇಕಾಗುವುದಿಲ್ಲ. ರಕ್ತಪರೀಕ್ಷೆಯ ಆಧಾರದ ಮೇಲೆ ವೈದ್ಯರು ಸೂಚಿಸಿದವರು ಮಾತ್ರ ಪಾಲಿಸಬೇಕು.

ಪ್ರತಿ 100 ಗ್ರಾಂ ತಿರುಳಿನಲ್ಲಿರುವ ಪೊಟ್ಯಾಸಿಯಂ (ಅಂದಾಜು, ಮಿಲಿಗ್ರಾಂಗಳಲ್ಲಿ)
• ಕಡಿಮೆ: ಸೇಬು 105, ಅನಾನಸು 110, ಕಲ್ಲಂಗಡಿ 110, ಪನ್ನೇರಳೆ 120
• ಮಧ್ಯಮ: ಮಾವು 170, ಪಪ್ಪಾಯಿ 180
• ಹೆಚ್ಚು: ಬಾಳೆ 360, ಪೇರಳೆ 415, ಹಲಸು 450

ತಳಿ ಮತ್ತು ಮಾಗುವಿಕೆಗೆ ಅನುಗುಣವಾಗಿ ಈ ಪ್ರಮಾಣ ವ್ಯತ್ಯಾಸವಾಗುತ್ತದೆ. ಒಂದು ಬಾರಿಗೆ 200 ಮಿಲಿಗ್ರಾಂ ಮೀರದಂತೆ ತಿನ್ನುವುದು ರೂಢಿಯಲ್ಲಿರುವ ಅಳತೆ. ಅದರಂತೆ ಅನಾನಸಿನ ಒಂದು ಸಣ್ಣ ಬಟ್ಟಲು ಹೋಳು ಸಾಕು. ಮೂರು ಬಟ್ಟಲು ತಿಂದರೆ ಅದೂ ಹೆಚ್ಚಾಗುತ್ತದೆ. ನೀರಿನ ಮಿತಿ ಇರುವವರು ಕಲ್ಲಂಗಡಿಯನ್ನು ನೀರಿನ ಲೆಕ್ಕಕ್ಕೂ ಸೇರಿಸಬೇಕು. ಒಂದು ಲೋಟ ಎಳನೀರಿನಲ್ಲಿ ಸುಮಾರು 500 ಮಿಲಿಗ್ರಾಂ ಪೊಟ್ಯಾಸಿಯಂ ಇರಬಹುದಾದ್ದರಿಂದ ಅದನ್ನು ತ್ಯಜಿಸಬೇಕು. ಮಾಂಬಳ, ಒಣ ಬಾಳೆಹಣ್ಣುಗಳಲ್ಲಿ ನೀರಿನಂಶ ಆರುವುದರಿಂದ ಪೊಟ್ಯಾಸಿಯಂ ಸಾಂದ್ರವಾಗಿರುತ್ತದೆ.

ಧಾರೆಹುಳಿ: ಸಂಪೂರ್ಣ ನಿಷಿದ್ಧ
ಧಾರೆಹುಳಿಯಲ್ಲಿ (ಕಮರಾಕ್ಷಿ) ಪೊಟ್ಯಾಸಿಯಂ ಹೆಚ್ಚಿಲ್ಲ. ಪಟ್ಟಿಯನ್ನಷ್ಟೇ ನೋಡಿದವರು ಇದನ್ನು ಸುರಕ್ಷಿತವೆಂದು ಭಾವಿಸುವ ಅಪಾಯವಿದೆ. ಇದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು ದುರ್ಬಲ ಮೂತ್ರಪಿಂಡ ಹೊರಹಾಕಲಾರದು. ಅದು ಮೆದುಳನ್ನು ಬಾಧಿಸುತ್ತದೆ. ನಿಲ್ಲದ ಬಿಕ್ಕಳಿಕೆ, ವಾಂತಿ, ಗೊಂದಲ, ಅಪಸ್ಮಾರ ಇದರ ಲಕ್ಷಣಗಳು, ಸಾವೂ ಸಂಭವಿಸಬಹುದು. ಒಂದೇ ಹಣ್ಣು ತಿಂದಿದ್ದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ತಿಂದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಇದೇ ಕುಲದ ಬಿಂಬುಳಿಯಲ್ಲಿ ಆಕ್ಸಲೇಟ್ ಅಧಿಕ. ಕೊಲೆಸ್ಟರಾಲ್ ಇಳಿಸಲೆಂದು ಇದರ ರಸ ಕುಡಿದ ಕೆಲವರಲ್ಲಿ ಮೂತ್ರಪಿಂಡ ವೈಫಲ್ಯ ಉಂಟಾದುದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ
• ಧಾರೆಹುಳಿ, ಬಿಂಬುಳಿಯ ಸಸಿ ವಿತರಿಸುವಾಗ ಈ ಎಚ್ಚರಿಕೆಯನ್ನೂ ನೀಡಬೇಕು.
• ಮಿಶ್ರ ಹಣ್ಣಿನ ರಸ, ಜಾಮ್, ಉಪ್ಪಿನಕಾಯಿ ತಯಾರಿಸುವ ಸ್ವಸಹಾಯ ಗುಂಪುಗಳು ಇವುಗಳನ್ನು ಬಳಸಿದ್ದಲ್ಲಿ ಬಾಟಲಿಯ ಮೇಲೆ ತಪ್ಪದೆ ನಮೂದಿಸುವಂತೆ ತಿಳಿಸಬೇಕು.
• ಹಣ್ಣಿನ ಪ್ರಮಾಣವನ್ನು ರೋಗಿಯ ವೈದ್ಯರು ಅಥವಾ ಆಹಾರ ತಜ್ಞರೇ ನಿರ್ಧರಿಸಬೇಕು. ಮಧುಮೇಹವಿದ್ದರೆ ಇದು ಇನ್ನಷ್ಟು ಅಗತ್ಯ.