ಮಾಂಸದ ಕೋಳಿ (ಬ್ರಾಯ್ಲರ್) ಸಾಕಣೆ ಕೇಂದ್ರಗಳಲ್ಲಿ ಜೈವಿಕ ಸುರಕ್ಷತಾ ಕ್ರಮಗಳು

ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು ಹಾಗೂ 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿ ಜ್ವರ ದೃಢಪಟ್ಟಿರುತ್ತದೆ. ಈ ರೋಗಕ್ಕೆ ಚಿಕಿತ್ಸೆ ಇರುವುದಿಲ್ಲ. ರೋಗ ದೃಢಪಟ್ಟ ಸ್ಥಳದ ಸುತ್ತ 1 ಕಿ.ಮೀ. ವ್ಯಾಪ್ತಿಯ ಎಲ್ಲಾ ಕೋಳಿಗಳನ್ನು ನಾಶಪಡಿಸಿ, 10 ಕಿ.ಮೀ.ವರೆಗೆ ನಿಗಾ ವಹಿಸಲಾಗುತ್ತದೆ. ಆದುದರಿಂದ ಒಬ್ಬ ಸಾಕಣೆದಾರರ ನಿರ್ಲಕ್ಷ್ಯದಿಂದ ನೆರೆಹೊರೆಯವರಿಗೂ ನಷ್ಟವುಂಟಾಗುತ್ತದೆ.

ರೋಗ ಹರಡುವ ಬಗೆ

ಹಕ್ಕಿ ಜ್ವರ ಹಾಗೂ ಕೊಕ್ಕರೆ ರೋಗದ (ರಾಣಿಖೇತ್) ವೈರಾಣುಗಳು ಕಾಡು ಹಕ್ಕಿಗಳಿಂದ ಮಾತ್ರವಲ್ಲದೆ ಪಾದರಕ್ಷೆ, ವಾಹನದ ಚಕ್ರ, ಕೋಳಿ ಸಾಗಿಸುವ ಕ್ರೇಟು ಹಾಗೂ ಕೆಲಸಗಾರರ ಬಟ್ಟೆಗಳ ಮೂಲಕವೂ ಶೆಡ್ಡನ್ನು ಪ್ರವೇಶಿಸುತ್ತವೆ. ಗುತ್ತಿಗೆ ಪದ್ಧತಿಯಲ್ಲಿ ಒಂದೇ ವಾಹನವು ಹಲವು ಫಾರಂಗಳಿಗೆ ಸಂಚರಿಸುವುದರಿಂದ ವಿಶೇಷ ಎಚ್ಚರಿಕೆ ಅಗತ್ಯ.

ಅನುಸರಿಸಬೇಕಾದ ಕ್ರಮಗಳು

1. ಆವರಣಕ್ಕೆ ಬೇಲಿ ಹಾಗೂ ಒಂದೇ ಪ್ರವೇಶದ್ವಾರವಿರತಕ್ಕದ್ದು. ಸಂದರ್ಶಕರ ಮತ್ತು ವಾಹನಗಳ ವಿವರವನ್ನು ವಹಿಯಲ್ಲಿ ದಾಖಲಿಸುವುದು.
2. ಶೆಡ್ಡಿನ ಬಾಗಿಲಲ್ಲಿ ಸೋಂಕುನಿವಾರಕ ದ್ರಾವಣದ ಪಾದತೊಟ್ಟಿ ಇಡುವುದು. ಕೆಸರು, ಹಿಕ್ಕೆ ಬೆರೆತಲ್ಲಿ ದ್ರಾವಣವು ನಿಷ್ಪ್ರಯೋಜಕವಾಗುವುದರಿಂದ ಪಾದರಕ್ಷೆಯನ್ನು ಮೊದಲು ತೊಳೆದು, ದ್ರಾವಣವನ್ನು ಪ್ರತಿದಿನ ಬದಲಾಯಿಸುವುದು.
3. ಪ್ರತಿ ಶೆಡ್ಡಿಗೂ ಪ್ರತ್ಯೇಕ ಪಾದರಕ್ಷೆ ಮತ್ತು ಸಲಕರಣೆ ಬಳಸುವುದು.
4. ಒಂದೇ ವಯಸ್ಸಿನ ಮರಿಗಳನ್ನು ಒಟ್ಟಿಗೆ ತಂದು, ಒಟ್ಟಿಗೆ ವಿಲೇವಾರಿ ಮಾಡುವುದು. ಬಳಿಕ ಹಳೆಯ ಹಾಸು ತೆಗೆದು, ತೊಳೆದು, ಸೋಂಕು ನಿವಾರಿಸಿ, ಶೆಡ್ಡನ್ನು ಕನಿಷ್ಠ 14 ದಿನ ಖಾಲಿ ಬಿಡುವುದು.
5. ಆವರಣದಲ್ಲಿ ನಾಟಿ ಕೋಳಿ, ಬಾತುಕೋಳಿ ಸಾಕಬಾರದು. ಕಿಟಕಿಗಳಿಗೆ ಜಾಲರಿ ಅಳವಡಿಸುವುದು.
6. ಸತ್ತ ಕೋಳಿಗಳನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು. ಕೆರೆ, ಹಳ್ಳ, ರಸ್ತೆಬದಿಯಲ್ಲಿ ಎಸೆಯಬಾರದು.

ಅಸಹಜ ಸಾವು ಕಂಡುಬಂದಲ್ಲಿ

ಕೋಳಿಗಳು ಏಕಾಏಕಿ ಹೆಚ್ಚಿನ ಸಂಖ್ಯೆಯಲ್ಲಿ ಸತ್ತಲ್ಲಿ ಉಳಿದವುಗಳನ್ನು ಮಾರಾಟ ಮಾಡದೆ, ಸತ್ತ ಕೋಳಿಗಳನ್ನು ಸ್ಥಳಾಂತರಿಸದೆ, ಕೂಡಲೇ ಗ್ರಾಮ ಪಂಚಾಯಿತಿ ಹಾಗೂ ಸಮೀಪದ ಪಶುವೈದ್ಯಾಧಿಕಾರಿಗಳಿಗೆ ತಿಳಿಸುವುದು. 2009ರ ಪ್ರಾಣಿಗಳಲ್ಲಿನ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆಯನ್ವಯ ವರದಿ ಮಾಡುವುದು ಮಾಲೀಕರ ಕರ್ತವ್ಯವಾಗಿರುತ್ತದೆ.

ಪರಿಹಾರಧನ

ಹಕ್ಕಿ ಜ್ವರ ನಿಯಂತ್ರಣಕ್ಕಾಗಿ ಅಧಿಕಾರಿಗಳು ನಾಶಪಡಿಸಿದ ಕೋಳಿ, ಮೊಟ್ಟೆ ಹಾಗೂ ಆಹಾರಕ್ಕೆ ನಿಯಮಾನುಸಾರ ಪರಿಹಾರ ನೀಡಲಾಗುತ್ತದೆ. ಅದಕ್ಕೂ ಮೊದಲೇ ರೋಗದಿಂದ ಸತ್ತ ಕೋಳಿಗಳಿಗೆ ಈ ಪರಿಹಾರ ಅನ್ವಯಿಸುವುದಿಲ್ಲ. ವರದಿ ಮಾಡಲು ತಡವಾದಷ್ಟೂ ಸಾಕಣೆದಾರರಿಗೇ ನಷ್ಟ ಎಂಬುದನ್ನು ಗಮನಿಸುವುದು. ಮರಿ ಖರೀದಿ ರಸೀದಿ, ಲಸಿಕೆ ವಿವರ ಹಾಗೂ ದೈನಂದಿನ ಸಾವಿನ ವಹಿಯನ್ನು ಕಾಯ್ದಿರಿಸಿಕೊಳ್ಳುವುದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆಯನ್ನು ಅಥವಾ ತಾಲ್ಲೂಕು ಸಹಾಯಕ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.